15 ಪ್ಯಾಸ್ಕಲ್ ಅಂದ್ರೆ ಎಷ್ಟು? ಔಷಧ ಕಾರ್ಖಾನೆಯ ಗೋಡೆ ಮೇಲಿನ ಒಂದು ಮುಳ್ಳಿನ ಕಥೆ

ಹಿಂದೆ ಕೇಳ್ತಿರೋ ಹಾರ್ನ್ ಸದ್ದಿಗೆ ಕ್ಷಮೆ ಇರಲಿ. ನಾನೀಗ ಗೊರಗುಂಟೆಪಾಳ್ಯ ಮೆಟ್ರೊ ಸ್ಟೇಷನ್ ಕೆಳಗೆ ನಿಂತಿದ್ದೀನಿ. ತುಮಕೂರು, ಹಾಸನ, ಶಿವಮೊಗ್ಗ ಕಡೆಯವರು ಯಾರಾದ್ರೂ ಇದನ್ನ ಕೇಳ್ತಿದ್ರೆ, ಈ ಜಾಗದಲ್ಲಿ ರಾತ್ರಿ ಹನ್ನೊಂದು ಗಂಟೆಗೆ ಬ್ಯಾಗ್ ಹಿಡ್ಕೊಂಡು ಬಸ್ಸಿಗೆ ಕಾದಿರೋ ನೆನಪು ನಿಮಗೆ ಇದ್ದೇ ಇರತ್ತೆ. ನಾನು ಆರು ವರ್ಷ ಇಲ್ಲೇ ಹಿಂದಿನ ರಸ್ತೆಯ ಒಂದು ರೂಮಿನಲ್ಲಿ ಬಾಡಿಗೆಗೆ ಇದ್ದೆ. ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸಣ್ಣ ಕ್ಯಾಲಿಬ್ರೇಷನ್ ಲ್ಯಾಬಿನಲ್ಲಿ ಕೆಲಸ. ಮೈಕು ಹಿಡಿಯೋಕೆ ಮುಂಚೆ ನಾನು ಹಿಡೀತಿದ್ದದ್ದು ಕೈ ಪಂಪು, ರಬ್ಬರ್ ಟ್ಯೂಬು, ಒಂದು ಸ್ಕ್ರೂ ಡ್ರೈವರ್. ಇವತ್ತಿನ ಸಂಚಿಕೆ ಆ ಕೆಲಸದ ಬಗ್ಗೆ.

ಮೊದಲು ಒಂದು ಪ್ರಯೋಗ. ನಿಮ್ಮ ಫೋನಿನಲ್ಲಿ ಬ್ಯಾರೋಮೀಟರ್ ಇದ್ಯಾ ನೋಡಿ. ಐಫೋನ್‌ಗಳಲ್ಲಿ 2014ರ ಐಫೋನ್ 6ರಿಂದಲೇ ಬಂತು, ಆಂಡ್ರಾಯ್ಡ್‌ನಲ್ಲಿ ಹಲವು ಫೋನ್‌ಗಳಲ್ಲಿ ಇರತ್ತೆ. ಅದನ್ನ ತೋರಿಸೋ ಉಚಿತ ಆ್ಯಪ್‌ಗಳು ಬೇಕಾದಷ್ಟಿವೆ. ನನ್ನದು ಈಗ 911 ಹೆಕ್ಟೋಪ್ಯಾಸ್ಕಲ್ ಚಿಲ್ಲರೆ ಅಂತಿದೆ. ಒಂದು ಹೆಕ್ಟೋಪ್ಯಾಸ್ಕಲ್ ಅಂದ್ರೆ 100 ಪ್ಯಾಸ್ಕಲ್. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 1,01,325 ಪ್ಯಾಸ್ಕಲ್ ಅಂತ ಲೆಕ್ಕ. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿ ಇರೋದ್ರಿಂದ ನಮ್ಮ ತಲೆ ಮೇಲೆ ಸುಮಾರು 91,000 ಪ್ಯಾಸ್ಕಲ್ ಮಾತ್ರ.

ಈಗ ಸ್ಟೇಷನ್ ಮೆಟ್ಟಿಲು ಹತ್ತೋಣ.

(ಮೆಟ್ಟಿಲು ಹತ್ತುವ ಸದ್ದು)

ಒಂದು, ಎರಡು, ಮೂರು... ಹತ್ತು. ಇಲ್ಲಿ ನಿಲ್ತೀನಿ. ಹತ್ತು ಮೆಟ್ಟಿಲು, ಅಂದಾಜು ಒಂದೂವರೆ ಮೀಟರ್. ಬೆಂಗಳೂರಿನ ಗಾಳಿಯಲ್ಲಿ ಒಂದು ಮೀಟರ್ ಮೇಲಕ್ಕೆ ಹೋದ್ರೆ ಒತ್ತಡ ಸುಮಾರು 10 ಪ್ಯಾಸ್ಕಲ್ ಕಡಿಮೆ ಆಗತ್ತೆ. ಹಾಗಾದ್ರೆ ನಾನು ಈಗ ಹತ್ತಿ ಬಂದದ್ದು ಸುಮಾರು 15 ಪ್ಯಾಸ್ಕಲ್. ಕಿವಿಗೆ ಗೊತ್ತಾಗಲಿಲ್ಲ, ಮೈಗೆ ಗೊತ್ತಾಗಲಿಲ್ಲ. ಫೋನಿನಲ್ಲೂ ಕೊನೆಯ ಅಂಕಿ ಅಲ್ಲಾಡಿದ್ದು ಬಿಟ್ರೆ ಏನೂ ಆಗಲಿಲ್ಲ.

ಈ 15 ಪ್ಯಾಸ್ಕಲ್ ಮೇಲೆ ಇಂಜೆಕ್ಷನ್ ತಯಾರಿಸೋ ಒಂದು ಇಡೀ ಕಾರ್ಖಾನೆ ನಿಂತಿರತ್ತೆ. ಹೇಗೆ ಅಂತ ಹೇಳ್ತೀನಿ.

ಮೊದಲು ಈ ಪ್ಯಾಸ್ಕಲ್ ಯಾರು ಅಂತ ಹೇಳಿಬಿಡ್ತೀನಿ, ಮೆಟ್ಟಿಲಿಗೂ ಅವನಿಗೂ ಸಂಬಂಧ ಇದೆ. ಬ್ಲೇಸ್ ಪ್ಯಾಸ್ಕಲ್ 17ನೇ ಶತಮಾನದ ಫ್ರೆಂಚ್ ಗಣಿತಜ್ಞ. ಎತ್ತರಕ್ಕೆ ಹೋದ್ರೆ ಗಾಳಿಯ ಭಾರ ಕಡಿಮೆಯಾಗಬೇಕಲ್ವಾ ಅನ್ನೋ ಪ್ರಶ್ನೆ ಇಟ್ಕೊಂಡು, 1648ರ ಸೆಪ್ಟೆಂಬರ್ 19ರಂದು ತನ್ನ ಅಕ್ಕನ ಗಂಡ ಫ್ಲೋರಿನ್ ಪೆರಿಯೆ ಕೈಲಿ ಪಾದರಸದ ಕೊಳವೆ ಕೊಟ್ಟು ಪುಯಿ ದ ಡೋಮ್ ಅನ್ನೋ ಬೆಟ್ಟ ಹತ್ತಿಸಿದ. ಪಾದರಸ ಇಳೀತು. ತಾನು ಹತ್ತಲಿಲ್ಲ, ಭಾವನನ್ನ ಹತ್ತಿಸಿದ! ಅದಾಗಿ ಮುನ್ನೂರು ಚಿಲ್ಲರೆ ವರ್ಷದ ಮೇಲೆ, 1971ರಲ್ಲಿ, ಒತ್ತಡದ ಅಂತಾರಾಷ್ಟ್ರೀಯ ಮಾನಕ್ಕೆ ಅವನ ಹೆಸರಿಟ್ರು.

ಸರಿ, ಕಾರ್ಖಾನೆಗೆ ಬರೋಣ. ಇದನ್ನ ಅರ್ಥ ಮಾಡ್ಕೊಳ್ಳೋಕೆ ನಿಮ್ಮ ಮನೆ ಅಡುಗೆಮನೆ ಸಾಕು. ಅಮ್ಮ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದ್ರೆ ಹಾಲ್‌ನಲ್ಲಿ ಟಿವಿ ನೋಡ್ತಿರೋರೆಲ್ಲ ಕೆಮ್ತಾರೆ. ಎಕ್ಸಾಸ್ಟ್ ಫ್ಯಾನ್ ಹಾಕಿದ ತಕ್ಷಣ ಘಾಟು ಹಾಲ್‌ಗೆ ಬರೋದು ನಿಲ್ಲತ್ತೆ. ಫ್ಯಾನ್ ಘಾಟನ್ನ ಹೊರಗೆ ತಳ್ಳತ್ತೆ ಅಂತ ಅನ್ಕೋತೀವಿ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ: ಅಡುಗೆಮನೆಯ ಒತ್ತಡ ಹಾಲ್‌ಗಿಂತ ಚೂರು ಕಡಿಮೆ ಆಗತ್ತೆ, ಆಗ ಹಾಲ್‌ನ ಗಾಳಿ ಅಡುಗೆಮನೆ ಕಡೆ ಹರಿಯತ್ತೆ. ಬಾಗಿಲು ತೆರೆದಿದ್ರೂ ಘಾಟು ಆ ಹರಿವಿಗೆ ಎದುರಾಗಿ ಬರೋದು ಕಷ್ಟ. ಗಾಳಿ ಯಾವಾಗಲೂ ಒತ್ತಡ ಹೆಚ್ಚಿರೋ ಕಡೆಯಿಂದ ಕಡಿಮೆ ಇರೋ ಕಡೆಗೆ ಹರಿಯತ್ತೆ. ಅಷ್ಟೇ ವಿಜ್ಞಾನ.

ಇಂಜೆಕ್ಷನ್ ತುಂಬೋ ಕೋಣೆಯಲ್ಲಿ ಇದನ್ನೇ ತಿರುಗಿಸಿ ಮಾಡ್ತಾರೆ. ಕ್ಲೀನ್‌ರೂಮ್ ಅಂತಾರೆ ಅದಕ್ಕೆ. ಒಳಗಿನ ಗಾಳಿಯನ್ನ ಹೆಪಾ ಫಿಲ್ಟರ್‌ನಿಂದ ಸೋಸಿ ಬಿಟ್ಟಿರ್ತಾರೆ. ಅತ್ಯಂತ ಶುದ್ಧ ದರ್ಜೆಯ ಜಾಗದಲ್ಲಿ ಒಂದು ಘನ ಮೀಟರ್ ಗಾಳಿಗೆ ಅರ್ಧ ಮೈಕ್ರಾನ್ ಅಥವಾ ಅದಕ್ಕಿಂತ ದೊಡ್ಡ ಕಣ 3,520ಕ್ಕಿಂತ ಹೆಚ್ಚು ಇರೋ ಹಾಗಿಲ್ಲ. ಸಂಖ್ಯೆ ದೊಡ್ಡದು ಅನ್ಸತ್ತಾ? ನಾನೀಗ ನಿಂತಿರೋ ಈ ಸಿಗ್ನಲ್‌ನಲ್ಲಿ ಅದೇ ಲೆಕ್ಕ ಕೋಟಿಗಳಲ್ಲಿ ಹೋಗತ್ತೆ. ಅಷ್ಟು ಕಷ್ಟಪಟ್ಟು ಸೋಸಿದ ಗಾಳಿಗೆ ಪಕ್ಕದ ಕಾರಿಡಾರ್‌ನ ಧೂಳು, ಬಟ್ಟೆ ಬದಲಿಸೋ ಕೋಣೆಯಲ್ಲಿ ಮನುಷ್ಯರ ಮೈಯಿಂದ ಉದುರೋ ಚರ್ಮದ ಕಣ, ಅದರ ಮೇಲೆ ಕೂತಿರೋ ಬ್ಯಾಕ್ಟೀರಿಯಾ ಬಂದು ಸೇರಬಾರದು. ಅದಕ್ಕೇ ಒಳಗಿನ ಕೋಣೆಗೆ ಹೊರಹೋಗೋದಕ್ಕಿಂತ ಹೆಚ್ಚು ಗಾಳಿ ತುಂಬ್ತಾರೆ. ಒಳಕೋಣೆಯಲ್ಲಿ ಹೆಚ್ಚು ಒತ್ತಡ, ಅದರ ಹೊರಗಿನದರಲ್ಲಿ ಸ್ವಲ್ಪ ಕಡಿಮೆ, ಅದರ ಆಚೆ ಇನ್ನೂ ಕಡಿಮೆ. ಹಳೇ ಕಲ್ಯಾಣಿಯ ಮೆಟ್ಟಿಲ ಮೇಲೆ ನೀರು ಇಳಿಯೋ ಹಾಗೆ ಗಾಳಿ ಕೋಣೆಯಿಂದ ಕೋಣೆಗೆ ಹೊರಕ್ಕೆ ಇಳಿಯತ್ತೆ. ಎರಡು ಬಾಗಿಲಿನ ನಡುಕೋಣೆ, ಏರ್‌ಲಾಕ್ ಅನ್ನೋದು, ಆ ಮೆಟ್ಟಿಲುಗಳಲ್ಲಿ ಒಂದು.

ಆ ಒಂದೊಂದು ಮೆಟ್ಟಿಲು ಎಷ್ಟು ಎತ್ತರ ಇರಬೇಕು? ಯುರೋಪಿನ ನಿಯಮದ 2022ರ ಆವೃತ್ತಿ ಬೇರೆ ಬೇರೆ ದರ್ಜೆಯ ಅಕ್ಕಪಕ್ಕದ ಕೋಣೆಗಳ ನಡುವೆ ಕನಿಷ್ಠ 10 ಪ್ಯಾಸ್ಕಲ್ ಅನ್ನತ್ತೆ. ನಮ್ಮ ದೇಶದಲ್ಲಿ ಔಷಧ ತಯಾರಿಕೆಯ ನಿಯಮ ಅಂದ್ರೆ ಶೆಡ್ಯೂಲ್ ಎಂ. ನಾನು ಕೆಲಸ ಕಲಿತದ್ದು ಅದರ 2001ರ ರೂಪದಲ್ಲಿ. ಕ್ರಿಮಿರಹಿತ ಔಷಧಗಳಿಗೆ ಅದು ಹೇಳಿದ್ದು ಕನಿಷ್ಠ 15 ಪ್ಯಾಸ್ಕಲ್. 2023ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಡೀ ಶೆಡ್ಯೂಲನ್ನ ಪರಿಷ್ಕರಿಸಿ ಹೊರಡಿಸ್ತು. ಸಣ್ಣ, ಮಧ್ಯಮ ಘಟಕಗಳು ಸಮಯ ಕೇಳಿದ್ದಕ್ಕೆ ಗಡುವು 2025ರ ಡಿಸೆಂಬರ್ 31ರವರೆಗೆ ಮುಂದಕ್ಕೆ ಹೋಯ್ತು. ಪೀಣ್ಯದ ಟೀ ಅಂಗಡಿಗಳಲ್ಲಿ ಫಾರ್ಮಾ ಹುಡುಗರು ಆಗ ಮಾತಾಡ್ತಿದ್ದದ್ದೆಲ್ಲ ಇದರ ಬಗ್ಗೆಯೇ.

15 ಪ್ಯಾಸ್ಕಲ್‌ಗೆ ನಿಜಕ್ಕೂ ಶಕ್ತಿ ಇದ್ಯಾ ಅಂತ ಕೇಳಬಹುದು. ಎರಡು ಚದರ ಮೀಟರ್‌ನ ಬಾಗಿಲಿನ ಮೇಲೆ ಅದು ಸುಮಾರು ಮೂರು ಕಿಲೋ ಭಾರದಷ್ಟು ತಳ್ಳತ್ತೆ. ಬಾಗಿಲು ತೆಗೆಯೋವಾಗ ಕೈಗೆ ಗೊತ್ತಾಗತ್ತೆ. ಬಾಗಿಲ ಸಂದಿಯಲ್ಲಿ ಗಾಳಿ ಸೆಕೆಂಡಿಗೆ ಸುಮಾರು ಐದು ಮೀಟರ್ ವೇಗದಲ್ಲಿ ಹೊರಗೆ ನುಗ್ಗತ್ತೆ, ನೀವು ಸೈಕಲ್ ತುಳಿಯೋ ವೇಗ. ಆ ಹರಿವಿಗೆ ಎದುರು ಒಂದು ಧೂಳಿನ ಕಣ ಒಳಗೆ ಬರೋಕೆ ಆಗಲ್ಲ.

ಒಂದು ಅಪವಾದ ಇದೆ. ಪೆನಿಸಿಲಿನ್, ಕ್ಯಾನ್ಸರ್ ಔಷಧದಂಥ ಪುಡಿಗಳಿದ್ದ ಕಡೆ, ಒಳಗಿನ ಪುಡಿ ಹೊರಗೂ ಹೋಗಬಾರದು. ಒಂದು ಚೂರು ಪೆನಿಸಿಲಿನ್ ಇನ್ನೊಂದು ಔಷಧಕ್ಕೆ ಸೇರಿ, ಅಲರ್ಜಿ ಇರೋರ ಮೈಗೆ ಹೋದ್ರೆ ಜೀವಕ್ಕೇ ಅಪಾಯ. ಅಲ್ಲಿ ಕೋಣೆಗೂ ಹೊರಗಿನ ಕಾರಿಡಾರ್‌ಗೂ ನಡುವೆ ಬೇರೆಯದೇ ಲೆಕ್ಕ: ನಡುಕೋಣೆಯ ಒತ್ತಡವನ್ನ ಎರಡೂ ಕಡೆಗಿಂತ ಹೆಚ್ಚು ಇಟ್ಟು ಗೋಡೆ ಥರ ಮಾಡೋದು, ಅಥವಾ ಎರಡೂ ಕಡೆಗಿಂತ ಕಡಿಮೆ ಇಟ್ಟು ಹೊಂಡ ಥರ ಮಾಡೋದು. ಇದು ಇನ್ನೊಂದು ಸಂಚಿಕೆಗೆ ಆಗುವಷ್ಟಿದೆ, ಬಿಡಿ.

ಗೊರಗುಂಟೆಪಾಳ್ಯದಿಂದ ಇದೆಲ್ಲ ದೂರದ ವಿಷಯ ಅಲ್ಲ. ಮುಂದಿನ ಮೆಟ್ರೊ ಸ್ಟೇಷನ್ನೇ ಪೀಣ್ಯ. ಅಲ್ಲಿ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಾಸ್ಯೂಟಿಕಲ್ಸ್, ಅಂದ್ರೆ ಕೆಎಪಿಎಲ್ ಇದೆ. 1981ರಲ್ಲಿ ಹುಟ್ಟಿದ ಸರ್ಕಾರಿ ಔಷಧ ಕಂಪನಿ. ಇತ್ತ ತುಮಕೂರು ರಸ್ತೆಯಲ್ಲೇ 1962ರಿಂದ ಸಿಎಂಟಿಐ ಇದೆ, ಯಂತ್ರಗಳ ಅಳತೆ ಎಷ್ಟು ಕರಾರುವಾಕ್ಕಾಗಿ ಮಾಡಬಹುದು ಅಂತಲೇ ತಲೆ ಕೆಡಿಸ್ಕೊಂಡಿರೋ ಕೇಂದ್ರ ಸಂಸ್ಥೆ. ಇವುಗಳ ಸುತ್ತ ನಮ್ಮಂಥ ಸಣ್ಣ ಲ್ಯಾಬುಗಳು. ಮೊದಲ ಮಹಡಿ, ಒಂದು ಎಸಿ ರೂಮು, ನಾಲ್ಕು ಟೇಬಲ್, ಬೈಕಿನ ಹಿಂದೆ ಕಟ್ಕೊಂಡು ಹೋಗೋ ಒಂದು ಸೂಟ್‌ಕೇಸ್. ಮುಂದೆ ನಾನು ಹೇಳೋ ನನ್ನ ಕಥೆ ಈಗ ಹೆಸರಿಸಿದ ಎರಡೂ ಜಾಗದ್ದಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ.

ಆ ಸೂಟ್‌ಕೇಸ್‌ನಲ್ಲಿ ಏನಿತ್ತು ಅನ್ನೋದಕ್ಕೆ ಮುಂಚೆ, ಗೋಡೆ ಮೇಲೆ ಏನಿರತ್ತೆ ಅಂತ ನೋಡೋಣ. ಪ್ರತಿ ಕ್ಲೀನ್‌ರೂಮ್‌ನ ಬಾಗಿಲ ಪಕ್ಕ ಅಂಗೈ ಅಗಲದ ಒಂದು ದುಂಡು ಗೇಜ್ ಇರತ್ತೆ, ಬಿಳೀ ಮುಖ, ಒಂದು ಮುಳ್ಳು. ಮ್ಯಾಗ್ನೆಹೆಲಿಕ್ ಅಂತಾರೆ. ಅದು ಡ್ವೈಯರ್ ಅನ್ನೋ ಅಮೆರಿಕನ್ ಕಂಪನಿಯ ಬ್ರ್ಯಾಂಡ್ ಹೆಸರು, ಆದ್ರೆ ಫೋಟೋಕಾಪಿಗೆ ಜೆರಾಕ್ಸ್ ಅಂದಹಾಗೆ ಎಲ್ಲದಕ್ಕೂ ಅದೇ ಹೆಸರು ಅಂಟ್ಕೊಂಡಿದೆ. ಹಿಂದೆ ಎರಡು ತೂತು. ಒಂದಕ್ಕೆ ಈ ಕೋಣೆಯ ಟ್ಯೂಬ್, ಇನ್ನೊಂದಕ್ಕೆ ಪಕ್ಕದ ಕೋಣೆಯ ಟ್ಯೂಬ್. ಒಳಗೆ ಒಂದು ತೆಳು ಪೊರೆ. ಎರಡು ಕಡೆಯ ಒತ್ತಡದ ವ್ಯತ್ಯಾಸಕ್ಕೆ ಪೊರೆ ಉಬ್ಬತ್ತೆ, ಪೊರೆ ಒಂದು ಪುಟ್ಟ ಆಯಸ್ಕಾಂತವನ್ನ ಸರಿಸತ್ತೆ, ಆಯಸ್ಕಾಂತ ಮುಟ್ಟದೇನೇ ಒಂದು ಸುರುಳಿಯನ್ನ ತಿರುಗಿಸತ್ತೆ, ಸುರುಳಿಗೆ ಮುಳ್ಳು ಅಂಟಿರತ್ತೆ. ಮ್ಯಾಗ್ನೆಟ್ ಮತ್ತು ಹೀಲಿಕ್ಸ್, ಸೇರಿ ಮ್ಯಾಗ್ನೆಹೆಲಿಕ್. ಕರೆಂಟ್ ಬೇಡ, ಬ್ಯಾಟರಿ ಬೇಡ. ನನಗೆ ಇವತ್ತಿಗೂ ಇಷ್ಟವಾದ ಉಪಕರಣ ಅದು.

ಯಾಕೆ ವ್ಯತ್ಯಾಸವನ್ನೇ ಅಳೀಬೇಕು? ನಿಮ್ಮ ಫೋನಿನ ಥರದ ಎರಡು ಬ್ಯಾರೋಮೀಟರ್ ಎರಡು ಕೋಣೆಯಲ್ಲಿ ಇಟ್ಟು ಕಳೆದ್ರೆ ಆಗಲ್ವಾ? ಬೆಂಗಳೂರಿನಲ್ಲಿ ಬೆಳಿಗ್ಗೆ ಹತ್ತಕ್ಕೂ ಸಂಜೆ ನಾಲ್ಕಕ್ಕೂ ನಡುವೆ ಹೊರಗಿನ ಗಾಳಿಯ ಒತ್ತಡವೇ ಕೆಲವು ನೂರು ಪ್ಯಾಸ್ಕಲ್ ಇಳಿದಿರತ್ತೆ. 91,000ದಲ್ಲಿ 15ನ್ನ ಹುಡುಕೋದು ಅಂದ್ರೆ, ತುಂಬಿದ ಲಾರಿಯನ್ನ ವೇಬ್ರಿಡ್ಜ್ ಮೇಲೆ ನಿಲ್ಲಿಸಿ ಡ್ರೈವರ್ ಜೇಬಿನ ಪರ್ಸ್ ಎಷ್ಟು ತೂಕ ಅಂತ ನೋಡಿದ ಹಾಗೆ. ಪೊರೆಯ ಎರಡೂ ಕಡೆ ಗಾಳಿ ಬಿಟ್ರೆ 91,000 ತಾನಾಗೇ ವಜಾ ಆಗಿ 15 ಮಾತ್ರ ಉಳಿಯತ್ತೆ.

ಈ ಪೊರೆ, ಸ್ಪ್ರಿಂಗು, ಮುಳ್ಳು ಎಲ್ಲಕ್ಕೂ ವಯಸ್ಸಾಗತ್ತೆ. ಮುಳ್ಳು ಸೊನ್ನೆಯಿಂದ ಸರಿಯತ್ತೆ. ಯಾರೋ ಬಾಗಿಲು ಜೋರಾಗಿ ಹಾಕ್ತಾರೆ, ಗೇಜ್ ಹೊಡೆತ ತಿನ್ನತ್ತೆ. ಅದಕ್ಕೇ ವರ್ಷಕ್ಕೊಮ್ಮೆ, ಕೆಲವು ಕಡೆ ಆರು ತಿಂಗಳಿಗೊಮ್ಮೆ, ಕ್ಯಾಲಿಬ್ರೇಷನ್. ಇಲ್ಲೊಂದು ಮಾತು ಗಟ್ಟಿಯಾಗಿ ಹೇಳ್ಬೇಕು, ಯಾಕಂದ್ರೆ ನನ್ನ ತಪ್ಪು ಇಲ್ಲೇ ಆಗಿದ್ದು. ಕ್ಯಾಲಿಬ್ರೇಷನ್ ಅಂದ್ರೆ ರಿಪೇರಿ ಅಲ್ಲ, ಸರಿ ಮಾಡೋದೂ ಅಲ್ಲ. ಗೊತ್ತಿರೋ ಒಂದು ಅಳತೆಯ ಪಕ್ಕ ಇಟ್ಟು, ನೀನು ಎಷ್ಟು ತಪ್ಪು ಹೇಳ್ತಿದ್ದೀಯ ಅಂತ ಬರೆದಿಡೋದು. ಆಟೊ ಮೀಟರ್ ದರ ಬದಲಾದಾಗ ಕಾನೂನು ಮಾಪನ ಇಲಾಖೆಯವರು ಪರೀಕ್ಷೆ ಮಾಡಿ ಮುದ್ರೆ ಹಾಕ್ತಾರಲ್ಲ, ಆ ಪರೀಕ್ಷೆಯ ಭಾಗ ಇದೆಯಲ್ಲ, ಅದು. ಸ್ಕ್ರೂ ತಿರುಗಿಸೋದು ಆಮೇಲಿನ ಬೇರೆ ಕೆಲಸ.

ಕೆಲಸ ಹೀಗೆ ನಡೆಯತ್ತೆ. ಮೈಗೆ ಪೂರ್ತಿ ಬಿಳಿ ಸೂಟು, ಕಣ್ಣು ಮಾತ್ರ ಕಾಣೋ ಹಾಗೆ. ಗೇಜ್‌ನ ಎರಡೂ ಟ್ಯೂಬ್ ಬಿಚ್ಚಿ, ಎರಡು ತೂತಿಗೂ ಒಂದೇ ಕೋಣೆಯ ಗಾಳಿ ಬಿಡಬೇಕು. ಆಗ ಮುಳ್ಳು ಸೊನ್ನೆಯಲ್ಲಿ ನಿಲ್ಲಬೇಕು. ನಿಂತ್ರೂ ಬರೀಬೇಕು, ನಿಲ್ಲದಿದ್ರೂ ಬರೀಬೇಕು. ಈ ಅಂಕಿಗೆ ಆ್ಯಸ್ ಫೌಂಡ್ ಅಂತಾರೆ, ಸಿಕ್ಕಿದ ಸ್ಥಿತಿ. ಆಮೇಲೆ ಟಿ ಆಕಾರದ ಜೋಡಣೆಯಲ್ಲಿ ಒಂದು ಕಡೆ ಗೋಡೆಯ ಗೇಜ್, ಇನ್ನೊಂದು ಕಡೆ ನಮ್ಮ ಸೂಟ್‌ಕೇಸ್‌ನ ಡಿಜಿಟಲ್ ಮೈಕ್ರೋಮ್ಯಾನೋಮೀಟರ್, ಮೂರನೇ ಕಡೆ ಕೈ ಪಂಪ್. ಗೇಜ್ 60 ಪ್ಯಾಸ್ಕಲ್‌ವರೆಗಿನದ್ದಾದ್ರೆ 0, 15, 30, 45, 60 ಅಂತ ಒಂದೊಂದೇ ಹತ್ತಿಸ್ಕೊಂಡು ಹೋಗೋದು, ಮತ್ತೆ ಅದೇ ದಾರಿಯಲ್ಲಿ ಇಳಿಸೋದು. ಹತ್ತುವಾಗ 30 ಅಂದ ಮುಳ್ಳು ಇಳಿಯುವಾಗ 32 ಅಂತ ನಿಂತ್ರೆ ಒಳಗೆ ಎಲ್ಲೋ ತಿಕ್ಕಾಟ ಇದೆ ಅಂತ ಅರ್ಥ. ನಮ್ಮ ಕೈಲಿರೋ ಉಪಕರಣ ಗೋಡೆಯದಕ್ಕಿಂತ ಕನಿಷ್ಠ ನಾಲ್ಕು ಪಟ್ಟು ನಿಖರವಾಗಿರಬೇಕು ಅನ್ನೋದು ವೃತ್ತಿಯ ರೂಢಿ.

ಕೇಳೋಕೆ ಸುಲಭ. ಮಾಡೋವಾಗ ಕಣ್ಣೀರು ಬರತ್ತೆ. ಕಾರಣ ಹೇಳ್ತೀನಿ, ಇದು ನನ್ನ ಸೀನಿಯರ್ ಅಣ್ಣ ಒಬ್ಬರು ಪೇಪರ್ ಮೇಲೆ ಲೆಕ್ಕ ಹಾಕಿ ತೋರಿಸಿದ್ದು. ಟ್ಯೂಬಿನ ಒಳಗೆ ಸಿಕ್ಕಿಹಾಕ್ಕೊಂಡಿರೋ ಗಾಳಿ ಒಂದು ಡಿಗ್ರಿ ಬಿಸಿಯಾದ್ರೆ ಅದರ ಒತ್ತಡ ಎಷ್ಟು ಏರತ್ತೆ ಗೊತ್ತಾ? 91,000ವನ್ನ 298 ಕೆಲ್ವಿನ್‌ನಿಂದ ಭಾಗಿಸಿ: ಸುಮಾರು 300 ಪ್ಯಾಸ್ಕಲ್. ಒಂದು ಡಿಗ್ರಿಯ ನೂರನೇ ಒಂದು ಭಾಗಕ್ಕೆ 3 ಪ್ಯಾಸ್ಕಲ್. ನಾವು ಹುಡುಕ್ತಿರೋ ತಪ್ಪೇ 2-3 ಪ್ಯಾಸ್ಕಲ್! ಅಂದ್ರೆ ಟ್ಯೂಬನ್ನ ಸುಮ್ಮನೆ ಬೆರಳಲ್ಲಿ ಹಿಡಿದ್ರೂ ಅಳತೆ ಕೆಟ್ಟುಹೋಗತ್ತೆ. "ಟ್ಯೂಬ್ ಮುಟ್ಬೇಡ, ಅದರ ಮೇಲೆ ಉಸಿರೂ ಬಿಡ್ಬೇಡ, ಕಾಯಿ" ಅನ್ನೋರು ಅಣ್ಣ. ನಾನು ಆಗ ಇಪ್ಪತ್ತೊಂದರ ಹುಡುಗ, ಕಾಯೋದು ಅಂದ್ರೆ ಆಗ್ತಿರಲಿಲ್ಲ.

ಇನ್ನೊಂದು, ಗೇಜ್ ಕೊಳ್ಳೋವಾಗಲೇ ಆಗೋ ತಪ್ಪು. ಗೇಜ್ ಮೇಲೆ ಶೇ. 2 ನಿಖರತೆ ಅಂತ ಇದ್ರೆ ಅದು ಓದಿದ ಅಂಕಿಯ ಶೇ. 2 ಅಲ್ಲ, ಪೂರ್ತಿ ಅಳತೆಯ ಶೇ. 2. 250 ಪ್ಯಾಸ್ಕಲ್‌ವರೆಗಿನ ಗೇಜ್ ಹಾಕಿದ್ರೆ ಅದು 5 ಪ್ಯಾಸ್ಕಲ್. ಮುಳ್ಳು 15 ಅಂದಾಗ ನಿಜ 10 ಇರಬಹುದು, 20 ಇರಬಹುದು, ಗೇಜಿನ ತಪ್ಪು ಅಂತ ಹೇಳೋ ಹಾಗೂ ಇಲ್ಲ. ದೊಡ್ಡ ಗೇಜ್ ಹಾಕಿದ್ರೆ ಭದ್ರ ಅಂತ ಅನ್ಕೊಂಡಿರೋ ಸ್ಟೋರ್ ಮ್ಯಾನೇಜರ್‌ಗಳನ್ನ ನಾನು ನೋಡಿದ್ದೀನಿ.

ಗೇಜ್ ಸರಿ ಇದ್ದು ಟ್ಯೂಬ್ ಕೆಟ್ಟಿರೋದೂ ಉಂಟು. ಫಾಲ್ಸ್ ಸೀಲಿಂಗ್ ಮೇಲೆ ಟ್ಯೂಬ್ ಮಡಚಿಕೊಂಡಿರತ್ತೆ, ಇಲ್ಲಾ ಬಿಚ್ಚಿಕೊಂಡಿರತ್ತೆ. ಮಡಚಿದ ಟ್ಯೂಬ್‌ನ ಗೇಜ್ ಮುಳ್ಳು ಅಲ್ಲಾಡೋದೇ ಇಲ್ಲ. ಲಾಗ್ ಪುಸ್ತಕದಲ್ಲಿ ಒಂದು ತಿಂಗಳು ಪ್ರತಿ ಗಂಟೆಗೂ 15, 15, 15 ಅಂತ ಇದ್ರೆ ನನಗೆ ಖುಷಿಗಿಂತ ಅನುಮಾನ ಜಾಸ್ತಿ. ಬಾಗಿಲು ತೆಗೆದು ಹಾಕೋ ಕೋಣೆಯಲ್ಲಿ ಒತ್ತಡ ಹಾಗೆ ನಿಲ್ಲಲ್ಲ. ಒಂದೋ ಟ್ಯೂಬ್ ಸತ್ತಿದೆ, ಇಲ್ಲಾ ಬರೆಯೋರು ಗೇಜ್ ಹತ್ರ ಹೋಗ್ತಾನೇ ಇಲ್ಲ.

ಈಗ ನನ್ನ ಕಥೆ.

ಕೆಲಸಕ್ಕೆ ಸೇರಿ ಎಂಟನೇ ತಿಂಗಳು. ಅಣ್ಣ ರಜೆ ಹಾಕಿದ್ರು, ಒಂದು ಇಂಜೆಕ್ಷನ್ ಕಾರ್ಖಾನೆಗೆ ನಾನೊಬ್ಬನೇ ಹೋದೆ. ಹೆಸರು ಹೇಳಲ್ಲ. ಇಪ್ಪತ್ತೆರಡು ಗೇಜ್, ಒಂದೇ ದಿನ. ಮಧ್ಯಾಹ್ನದ ಮೇಲೆ ಹದಿನೇಳನೆಯದಕ್ಕೆ ಬಂದೆ, ಔಷಧ ತುಂಬೋ ಕೋಣೆಯ ಬಾಗಿಲಿನದ್ದು. ಟ್ಯೂಬ್ ಬಿಚ್ಚಿದೆ. ಮುಳ್ಳು ಸೊನ್ನೆಯಲ್ಲಿ ಇರಲಿಲ್ಲ, ಮೇಲಿತ್ತು. ಕೈಯಲ್ಲಿ ಸ್ಕ್ರೂ ಡ್ರೈವರ್ ಇತ್ತು. ಮುಂಭಾಗದಲ್ಲೇ ಸೊನ್ನೆ ಸ್ಕ್ರೂ ಇರತ್ತೆ. ಯೋಚನೆ ಮಾಡದೆ ತಿರುಗಿಸಿದೆ. ಮುಳ್ಳು ಸೊನ್ನೆಗೆ ಬಂತು. ಆಮೇಲೆ ಪೆನ್ ತಗೊಂಡೆ.

ಬರೆಯೋಕೆ ಹೋದಾಗ ಗೊತ್ತಾಯ್ತು, ಏನು ಬರೀಲಿ?

ಅವರ ಕ್ಯೂಎ ಮೇಡಂ ಗಾಜಿನ ಆಚೆಯಿಂದ ನೋಡ್ತಿದ್ರು. ಹೊರಗೆ ಬಂದ ಮೇಲೆ ಶೀಟ್ ನೋಡಿ ಕೇಳಿದ್ರು: "ಇದಕ್ಕೆ ಆ್ಯಸ್ ಫೌಂಡ್ ಎಷ್ಟಿತ್ತು?"

"ಮೇಡಂ, ಸೊನ್ನೆ ಔಟ್ ಇತ್ತು, ಸರಿ ಮಾಡಿದೀನಿ."

"ಸರಿ ಮಾಡೋಕ್ ಮುಂಚೆ ಎಷ್ಟಿತ್ತು ಅಂತ ಕೇಳ್ತಿದೀನಿ."

"ಮೂರೋ... ಐದೋ ಇತ್ತು ಮೇಡಂ. ನೋಡ್ಲಿಲ್ಲ ಸರಿಯಾಗಿ."

ಅವರು ಬೈಲಿಲ್ಲ. ಲಾಗ್ ಪುಸ್ತಕ ತರಿಸಿ ಟೇಬಲ್ ಮೇಲೆ ಇಟ್ಟು ನನ್ನ ಕಡೆ ತಿರುಗಿಸಿದ್ರು. ಕಳೆದ ಕೆಲವು ತಿಂಗಳು ಆ ಗೇಜ್ 15, 16 ತೋರಿಸಿದೆ. ಅವರ ಕಾರ್ಖಾನೆ ಆ ಬಾಗಿಲಿಗೆ ಇಟ್ಕೊಂಡಿದ್ದ ಕೆಳಮಿತಿ 12. ಮುಳ್ಳು ಮೂರು ಮೇಲಿದ್ರೆ ನಿಜವಾದ ಒತ್ತಡ 12, 13. ಬಚಾವ್. ಐದು ಮೇಲಿದ್ರೆ 10, 11. ಆಗ ಆ ದಿನಗಳಲ್ಲಿ ತುಂಬಿದ ಪ್ರತಿ ಬಾಟಲಿಯ ಮೇಲೂ ಪ್ರಶ್ನೆ. ಮೂರೋ ಐದೋ ಅನ್ನೋದನ್ನ ಹೇಳಬಲ್ಲ ಒಂದೇ ಒಂದು ಸಾಕ್ಷಿ ಆ ಮುಳ್ಳು ನಿಂತಿದ್ದ ಜಾಗ. ಅದನ್ನ ನಾನು ಸ್ಕ್ರೂ ಡ್ರೈವರ್‌ನಿಂದ ಅಳಿಸಿ ಹಾಕಿದ್ದೆ.

ಮೇಡಂ ಫೋನ್ ಮಾಡೋಕೆ ಎದ್ದು ಹೋದಾಗ ಪ್ರೊಡಕ್ಷನ್‌ನವರೊಬ್ರು ಪಕ್ಕ ಬಂದು ನಿಂತ್ರು. "ಎರಡು ಅಂತ ಬರೀಪ್ಪಾ, ಎಲ್ರಿಗೂ ಒಳ್ಳೇದು. ನಿಂಗೂ, ನಿಮ್ ಲ್ಯಾಬಿಗೂ." ಕೆಟ್ಟ ಮನುಷ್ಯ ಅಲ್ಲ ಅವರು, ಬೆಳಿಗ್ಗೆ ನನಗೆ ಕ್ಯಾಂಟೀನ್‌ನಲ್ಲಿ ಇಡ್ಲಿ ಕೊಡಿಸಿದ್ರು. ನನ್ನ ಕೈ ಆ ಚೌಕದ ಮೇಲೆ ಇತ್ತು. ಎರಡು ಅಂತ ಬರೆಯೋಕೆ ಅರ್ಧ ಸೆಕೆಂಡ್ ಸಾಕು. ನಿಜ ಹೇಳ್ಬೇಕಂದ್ರೆ ಬರೀಬೇಕು ಅಂತಾನೇ ಇದ್ದೆ. ಮೇಡಂ ವಾಪಸ್ ಬಂದ್ರು. ನಾನು ಬರೆದೆ: "ಸೊನ್ನೆ ಹೊಂದಿಸುವ ಮುನ್ನ ಅಳತೆ ದಾಖಲಿಸಿಲ್ಲ." ಸಹಿ, ಸಮಯ.

ಅವರು ಕೆಟ್ಟದ್ದನ್ನೇ ಊಹಿಸ್ಕೊಂಡು ಮುಂದುವರಿದ್ರು. ಇನ್ನೂ ಗೋಡೌನ್‌ನಲ್ಲಿದ್ದ ಎರಡು ಬ್ಯಾಚ್ ತಡೆಹಿಡಿದ್ರು. ಕೋಣೆಯಲ್ಲಿ ದಿನಾ ಇಡೋ ಪ್ಲೇಟ್‌ಗಳಲ್ಲಿ ಏನಾದ್ರೂ ಬೆಳೆದಿತ್ತಾ, ಕಣಗಳ ಎಣಿಕೆ ಏನಿತ್ತು, ಪಕ್ಕದ ಬಾಗಿಲಿನ ಗೇಜ್ ಏನು ಹೇಳಿತ್ತು ಅಂತ ಎಲ್ಲ ಹುಡುಕಿದ್ರು. ಮೂರು ವಾರ ಆದ್ಮೇಲೆ ಬ್ಯಾಚ್ ಬಿಟ್ರು ಅಂತ ಕೇಳ್ಪಟ್ಟೆ. ನಮ್ಮ ಸರ್ ನನಗೆ ಬೈದದ್ದು ಇಲ್ಲಿ ಹೇಳೋ ಹಾಗಿಲ್ಲ. ಮುಂದಿನ ವರ್ಷ ಆ ಕಾರ್ಖಾನೆಯ ಆರ್ಡರ್ ನಮಗೆ ಬರಲಿಲ್ಲ.

ಒಂದು ಮುಳ್ಳಿಗೆ ಇಷ್ಟೆಲ್ಲ ಯಾಕೆ ಅಂತ ಅನ್ಸಿದ್ರೆ, ಇಂಜೆಕ್ಷನ್ ಪುಡಿ ತುಂಬೋ ಕೋಣೆಯನ್ನ ನೆನೆಸ್ಕೊಳ್ಳಿ. ಗ್ಲೂಕೋಸ್ ಬಾಟಲಿಯನ್ನ ಮುಚ್ಚಿದ ಮೇಲೆ ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲಬಹುದು. ಬಿಸಿ ತಾಗಿದ್ರೆ ಹಾಳಾಗೋ ಆ್ಯಂಟಿಬಯೋಟಿಕ್ ಪುಡಿಯನ್ನ ಹಾಗೆ ಬೇಯಿಸೋಕಾಗಲ್ಲ. ಆ ಕೋಣೆಯ ಗಾಳಿಯಲ್ಲಿ ಏನಿತ್ತೋ ಅದು ಬಾಟಲಿಯೊಳಗೆ ಹೋಗಿ ಮುಚ್ಚಳ ಬೀಳತ್ತೆ. ಆಮೇಲೆ ಸೀದಾ ರಕ್ತಕ್ಕೆ.

2012ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ನ್ಯೂ ಇಂಗ್ಲೆಂಡ್ ಕಾಂಪೌಂಡಿಂಗ್ ಸೆಂಟರ್ ಅನ್ನೋ ಘಟಕ ತಯಾರಿಸಿದ ಬೆನ್ನಿನ ಇಂಜೆಕ್ಷನ್‌ನಲ್ಲಿ ಶಿಲೀಂಧ್ರ ಸೇರಿತ್ತು. 700ಕ್ಕೂ ಹೆಚ್ಚು ಜನರಿಗೆ ಸೋಂಕು, 60ಕ್ಕೂ ಹೆಚ್ಚು ಸಾವು. ತನಿಖೆಗೆ ಹೋದವರಿಗೆ ಗೊತ್ತಾದ ಹಲವು ಸಂಗತಿಗಳಲ್ಲಿ ಒಂದು: ಕ್ಲೀನ್‌ರೂಮ್‌ನ ಎಸಿಯನ್ನ ರಾತ್ರಿ ಆಫ್ ಮಾಡ್ತಿದ್ರು. ಕರೆಂಟ್ ಬಿಲ್ ಉಳಿಸೋ ಈ ಆಸೆ ನಮ್ಮ ಕಡೆ ಗೊತ್ತಿಲ್ಲದ್ದೇನಲ್ಲ.

ಮನೆಗೆ ಹತ್ತಿರದ್ದು ಅಂದ್ರೆ 2024ರ ನವೆಂಬರ್‌ನ ಬಳ್ಳಾರಿ. ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡ್ರು. ಅವರಿಗೆ ಕೊಟ್ಟ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ರಾಜ್ಯ ಸರ್ಕಾರ ಅದರ ಬಳಕೆ ನಿಲ್ಲಿಸ್ತು. ಅದಕ್ಕೂ ಒತ್ತಡದ ಗೇಜಿಗೂ ಸಂಬಂಧ ಇದೆ ಅಂತ ನಾನು ಹೇಳ್ತಿಲ್ಲ, ದಯವಿಟ್ಟು ಹಾಗೆ ಕ್ಲಿಪ್ ಮಾಡಿ ಹಾಕ್ಬೇಡಿ. ಆ ಸುದ್ದಿ ಓದೋವಾಗ ನನಗೆ ಹದಿನೇಳನೇ ಗೇಜ್ ನೆನಪಾಯ್ತು, ಅಷ್ಟೇ.

ಕೇಳುಗರೊಬ್ಬರು ಹಿಂದಿನ ಸಂಚಿಕೆಗೆ ಬರೆದಿದ್ರು, ಅಳೆಯೋ ಉಪಕರಣವನ್ನ ಅಳೆಯೋ ಉಪಕರಣವನ್ನ ಯಾರು ಅಳೀತಾರೆ ಅಂತ. ಒಳ್ಳೇ ಪ್ರಶ್ನೆ. ಗೋಡೆಯ ಗೇಜನ್ನ ನಮ್ಮ ಸೂಟ್‌ಕೇಸ್ ಅಳೆಯತ್ತೆ. ಆ ಸೂಟ್‌ಕೇಸನ್ನ ವರ್ಷಕ್ಕೊಮ್ಮೆ ಎನ್‌ಎಬಿಎಲ್ ಮಾನ್ಯತೆ ಇರೋ ದೊಡ್ಡ ಲ್ಯಾಬಿಗೆ ಕಳಿಸ್ತೀವಿ. ಅವರ ಉಪಕರಣ ಅದಕ್ಕಿಂತ ಮೇಲಿನದಕ್ಕೆ, ಹೀಗೆ ಹತ್ತುತ್ತಾ ಹೋಗಿ ದೆಹಲಿಯ ರಾಷ್ಟ್ರೀಯ ಭೌತಿಕ ಪ್ರಯೋಗಾಲಯದಲ್ಲಿ ದೇಶದ ಮೂಲ ಅಳತೆ ಸಿಗತ್ತೆ. ಪ್ರತಿ ಮೆಟ್ಟಿಲಲ್ಲೂ ಒಂದು ಪ್ರಮಾಣಪತ್ರ, ಅದರಲ್ಲಿ ಅಳತೆಯ ಜೊತೆಗೆ "ಇದರಲ್ಲಿ ಇಷ್ಟು ಅನಿಶ್ಚಿತತೆ ಇದೆ" ಅನ್ನೋ ಅಂಕಿ. ಆ ಅಂಕಿ ಇಲ್ಲದ ಪ್ರಮಾಣಪತ್ರ ಕೊಟ್ರೆ ಅಣ್ಣ ಅದನ್ನ ಮದುವೆ ಇನ್ವಿಟೇಷನ್ ಅನ್ನೋರು.

ಇಲ್ಲಿಂದ ಪಶ್ಚಿಮಕ್ಕೆ ನೋಡಿದ್ರೆ ಪೀಣ್ಯದ ಮೇಲ್ಸೇತುವೆ ಕಾಣತ್ತೆ. 2021ರ ಡಿಸೆಂಬರ್‌ನಲ್ಲಿ ಅದನ್ನ ಮುಚ್ಚಿದಾಗ ಈ ಸಿಗ್ನಲ್‌ನಲ್ಲಿ ನಾವೆಲ್ಲ ಗಂಟೆಗಟ್ಟಲೆ ನಿಂತಿದ್ವಿ. 102 ಮತ್ತು 103ನೇ ಕಂಬದ ನಡುವೆ ಕಾಂಕ್ರೀಟಿನ ಒಳಗಿನ ಕೇಬಲ್‌ಗಳಲ್ಲಿ ತೊಂದರೆ. ಹೊರಗಿನಿಂದ ನೋಡೋರಿಗೆ ಸೇತುವೆ ಚೆನ್ನಾಗೇ ಇತ್ತು. ಆವತ್ತು ಬೈಕಿನ ಹಿಂದೆ ಸೂಟ್‌ಕೇಸ್ ಕಟ್ಕೊಂಡು ಟ್ರಾಫಿಕ್‌ನಲ್ಲಿ ನಿಂತಿದ್ದಾಗ ಪಕ್ಕದ ಲಾರಿ ಡ್ರೈವರ್ ಕೇಳಿದ್ರು, "ಅದ್ರಲ್ಲೇನಪ್ಪಾ?" "ಗಾಳಿ ಅಳೆಯೋದು ಅಣ್ಣ" ಅಂದೆ. "ಟೈರ್‌ದಾ?" ಅಂದ್ರು.

ಅವರು ಕೇಳಿದ್ದು ತಪ್ಪಲ್ಲ. ಅವರ ಟೈರಿನಲ್ಲಿರೋ ಒತ್ತಡ ನಾನು ಅಳೆಯೋದಕ್ಕಿಂತ ಸುಮಾರು ಐವತ್ತು ಸಾವಿರ ಪಟ್ಟು ಹೆಚ್ಚು. ಸಿಗ್ನಲ್ ಬಿಡ್ತು, ಅವರು ಹೋದ್ರು.

ನಿಮ್ಮ ಫೋನಿನಲ್ಲಿ ಬ್ಯಾರೋಮೀಟರ್ ಇದ್ರೆ ಇವತ್ತು ನಿಮ್ಮ ಮನೆ ಮೆಟ್ಟಿಲು ಹತ್ತಿ ನೋಡಿ, ಎಷ್ಟು ಪ್ಯಾಸ್ಕಲ್ ಇಳೀತು ಅಂತ ನಮಗೆ ಬರೆದು ಕಳಿಸಿ. ಹತ್ತೋಕೆ ಮುಂಚಿನ ಅಂಕಿಯನ್ನ ಮೊದಲು ಬರೆದಿಟ್ಕೊಳ್ಳಿ. ನನ್ನ ರೈಲು ಬಂತು, ಸಿಗೋಣ.